ಬಿರುದು, ಭಾಷಣ ಮತ್ತು ನೆಲದೊಳಗಿನ ವಸ್ತು: ಉಮ್ಮತ್ತೂರಿನಿಂದ ನೋಡಿದ ಇತಿಹಾಸದ ಆಧಾರಗಳು

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರನ್ನು ನೆಲೆಯಾಗಿಸಿಕೊಂಡು ಹದಿನೈದು ಮತ್ತು ಹದಿನಾರನೆಯ ಶತಮಾನಗಳಲ್ಲಿ ಆಳಿದ ಒಡೆಯರು ತಮ್ಮ ಶಾಸನಗಳಲ್ಲಿ ಧರಿಸಿಕೊಂಡ ಬಿರುದುಗಳ ಪೈಕಿ ಇತಿಹಾಸಕಾರರ ಗಮನವನ್ನು ಹೆಚ್ಚಾಗಿ ಸೆಳೆದಿರುವುದು ‘ಪೆನುಗೊಂಡ ಚಕ್ರೇಶ್ವರ’ ಎಂಬುದು. ಪೆನುಗೊಂಡೆ ಇಂದಿನ ಆಂಧ್ರಪ್ರದೇಶದಲ್ಲಿರುವ ಗಿರಿದುರ್ಗ. ವಿಜಯನಗರದ ಅರಸರಿಗೆ ಹಂಪೆಯನ್ನು ಬಿಟ್ಟರೆ ಎರಡನೆಯ ರಾಜಧಾನಿಯೆನ್ನಬಹುದಾದ ನೆಲೆ. ಬಿಳಿಗಿರಿರಂಗನ ಬೆಟ್ಟದ ಪಶ್ಚಿಮಕ್ಕಿರುವ ಬಯಲಿನ ಒಡೆಯರು ಅಷ್ಟು ದೂರದ ದುರ್ಗದ ಚಕ್ರೇಶ್ವರರೆಂದು ಕಲ್ಲಿನಲ್ಲಿ ಬರೆಯಿಸಿಕೊಂಡದ್ದನ್ನು ನೋಡಿ, ಅವರು ಪೆನುಗೊಂಡೆಯನ್ನು ಗೆದ್ದು ಆಳಿದರೆಂದು ತೀರ್ಮಾನಿಸುವುದು ಎಷ್ಟು ಅವಸರದ ಕೆಲಸವೋ, ಅದು ಬರಿಯ ಬಡಾಯಿಯೆಂದು ಪಕ್ಕಕ್ಕೆ ಸರಿಸುವುದೂ ಅಷ್ಟೇ ಅವಸರದ ಕೆಲಸ. ಬಿರುದು ನೆಲದ ಒಡೆತನಕ್ಕೆ ಪ್ರಮಾಣಪತ್ರವಾಗದಿದ್ದರೂ, ಆ ಬಿರುದನ್ನು ಧರಿಸುವ ಧೈರ್ಯ ಬಂದಿತ್ತೆಂಬುದಕ್ಕೆ ಅದು ಪ್ರಬಲವಾದ ಸಾಕ್ಷ್ಯ. ವಿಜಯನಗರಕ್ಕೆ ಸಾಮಂತನಾಗಿರಬೇಕಾದವನು ವಿಜಯನಗರದ್ದೇ ಎರಡನೆಯ ಸಿಂಹಾಸನದ ಮೇಲೆ ಮಾತಿನಲ್ಲಾದರೂ ಹಕ್ಕು ಹೂಡುತ್ತಿದ್ದನೆಂದರೆ, ಹಂಪೆಗೂ ಉಮ್ಮತ್ತೂರಿಗೂ ನಡುವಿನ ಸಂಬಂಧ ಆಗಲೇ ಹರಿಯತೊಡಗಿತ್ತು ಎಂದರ್ಥ.

ಅರಸನ ವಂಶ, ಗೆಲವು ಮತ್ತು ಗುಣಗಳನ್ನು ಹೊಗಳುವ ಶಾಸನಭಾಗಕ್ಕೆ ಪ್ರಶಸ್ತಿಯೆಂದು ಹೆಸರು. ಪ್ರಶಸ್ತಿಯು ಒಂದು ಅರ್ಥದಲ್ಲಿ ಆ ಕಾಲದ ವಿದೇಶಾಂಗ ಭಾಷಣ. ಏಕೆಂದರೆ ಇಂದಿನ ಮಂತ್ರಿಯೊಬ್ಬರು ಅಂತರರಾಷ್ಟ್ರೀಯ ಸಭೆಯಲ್ಲಿ ಮಾತನಾಡುವಾಗ ಎದುರಿಗೆ ಕುಳಿತವರು, ದೂರದಲ್ಲಿ ಕೇಳುತ್ತಿರುವ ಎದುರಾಳಿ ಮತ್ತು ಸ್ವದೇಶದ ಜನ ಎಂಬ ಮೂರು ಬಗೆಯ ಕೇಳುಗರನ್ನು ಮನಸ್ಸಿನಲ್ಲಿಟ್ಟುಕೊಳ್ಳುವಂತೆಯೇ, ಪ್ರಶಸ್ತಿಯನ್ನು ಬರೆದ ಆಸ್ಥಾನದ ಕವಿಯೂ ದಾನ ಪಡೆದವರನ್ನು, ನೆರೆಯ ಅರಸರನ್ನು ಮತ್ತು ತನ್ನ ಒಡೆಯನ ಅಧೀನದಲ್ಲಿದ್ದ ನಾಯಕರನ್ನು ಒಟ್ಟಿಗೇ ಉದ್ದೇಶಿಸುತ್ತಿದ್ದನು. ಆದ್ದರಿಂದ ಎರಡನ್ನೂ ಓದುವ ಕ್ರಮ ಒಂದೇ ಆಗಿರುವುದು ಉಚಿತ: ಮಾತು ಏನನ್ನು ನಿಜವೆಂದು ಹೇಳುತ್ತದೆ ಎಂಬುದಕ್ಕಿಂತ ಮೊದಲು, ಅದನ್ನು ಹೇಳಬೇಕಾದ ಅಗತ್ಯ ಯಾರಿಗೆ, ಯಾವಾಗ, ಯಾರ ಮುಂದೆ ಉಂಟಾಯಿತು ಎಂಬುದನ್ನು ಕೇಳಬೇಕಾಗುತ್ತದೆ.

ಉಮ್ಮತ್ತೂರಿನವರ ಎಲ್ಲ ಬಿರುದುಗಳೂ ರಾಜಕೀಯದವಲ್ಲ. ‘ಜವಾದಿ ಕೋಳಾಹಳ’ ಎಂಬುದು ಜವಾದಿಯೆಂಬ ಸುಗಂಧದ್ರವ್ಯದ, ಎಂದರೆ ಪುನುಗುಬೆಕ್ಕಿನ ಜಾತಿಯ ಪ್ರಾಣಿಯಿಂದ ದೊರೆಯುವ ಪರಿಮಳದ ಭೋಗವನ್ನು ಸಾರುವ ಬಿರುದು. ಅದು ಆಸ್ಥಾನದ ವಿಲಾಸವನ್ನು ಸೂಚಿಸುತ್ತದೆಯೇ ಹೊರತು ಯುದ್ಧವನ್ನಲ್ಲ. ‘ಚಿಕ್ಕರಾಯ’ ಎಂಬುದು ಮಾತ್ರ ಯೋಚಿಸಬೇಕಾದದ್ದು, ಏಕೆಂದರೆ ರಾಯನೆಂಬ ಪದ ಆ ಕಾಲದಲ್ಲಿ ಹಂಪೆಯ ಸಾರ್ವಭೌಮನಿಗೆ ಮೀಸಲಾದಂತಿತ್ತು. ಇನ್ನು ಅದೇ ಕಲ್ಲಿನ ಕೆಳಭಾಗದಲ್ಲಿ, ಬಿರುದುಗಳ ಅಬ್ಬರ ಮುಗಿದ ಮೇಲೆ, ದಾನ ಕೊಟ್ಟ ಗ್ರಾಮದ ಹೆಸರು, ಅದರ ನಾಲ್ಕು ದಿಕ್ಕಿನ ಎಲ್ಲೆ, ಬಿಟ್ಟುಕೊಟ್ಟ ತೆರಿಗೆಗಳು ಮತ್ತು ದಾನವನ್ನು ಕೆಡಿಸಿದವರಿಗೆ ಶಾಪ ಇರುತ್ತವೆ. ಓದುಗರು ಸಾಮಾನ್ಯವಾಗಿ ಬೇಸರದಿಂದ ದಾಟಿಹೋಗುವ ಈ ಭಾಗವೇ ಇತಿಹಾಸಕಾರನಿಗೆ ಹೆಚ್ಚು ನಂಬಿಕೆಯದು. ಮುಂದೆ ವ್ಯಾಜ್ಯವೆದ್ದರೆ ಊರಿನವರು ಆ ಕಲ್ಲಿನ ಮುಂದೆಯೇ ನಿಂತು ಎಲ್ಲೆಯನ್ನು ತೀರ್ಮಾನಿಸಿಕೊಳ್ಳಬೇಕಾಗಿದ್ದುದರಿಂದ, ಅಲ್ಲಿ ಸುಳ್ಳು ಬರೆಯುವುದು ಬರೆಯಿಸಿದವನಿಗೇ ನಷ್ಟದ ಬಾಬತ್ತಾಗಿತ್ತು. ಪ್ರಶಸ್ತಿಯಲ್ಲಿ ಅಂಥ ನಷ್ಟದ ಭಯ ಇರಲಿಲ್ಲ.

ಪ್ರಶಸ್ತಿಯ ಮಾತು ಎಷ್ಟರಮಟ್ಟಿಗೆ ಸಾಕ್ಷ್ಯವಾಗಬಲ್ಲುದು ಎಂಬುದನ್ನು ತೂಗಿ ನೋಡಲು ಉಮ್ಮತ್ತೂರಿನ ಎದುರು ಪಕ್ಷದ ದಾಖಲೆಗಳೇ ಒಳ್ಳೆಯ ಸಾಮಗ್ರಿ. ವಿಜಯನಗರವನ್ನಾಳಿದ ತುಳುವ ವಂಶದ ಅರಸರ ತಾಮ್ರಶಾಸನಗಳಲ್ಲಿ ಕೃಷ್ಣದೇವರಾಯನ ತಂದೆ ನರಸನಾಯಕನನ್ನು ಕುರಿತ ಒಂದು ಸಂಸ್ಕೃತ ಪದ್ಯ ಮತ್ತೆ ಮತ್ತೆ ಬರುತ್ತದೆ. ತುಂಬಿ ಹರಿಯುತ್ತಿದ್ದ ಕಾವೇರಿಗೆ ಅವನು ಬೇಗನೆ ಕಟ್ಟೆ ಹಾಕಿಸಿ, ದಾಟಿ, ಶತ್ರುವನ್ನು ಜೀವಂತವಾಗಿ ಸೆರೆಹಿಡಿದು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡನೆಂಬುದು ಅದರ ತಾತ್ಪರ್ಯ. ಹಲವು ಶಾಸನಗಳಲ್ಲಿ ಈ ಮಾತು ದೊರೆಯುವುದರಿಂದ ಅದಕ್ಕೆ ಹಲವು ಸಾಕ್ಷಿಗಳಿದ್ದಾರೆಂದು ಭಾವಿಸುವುದು ತಪ್ಪು. ಆಸ್ಥಾನದಲ್ಲಿ ಒಮ್ಮೆ ರಚಿತವಾದ ಪದ್ಯ ಮುಂದಿನ ದಾನಪತ್ರಗಳಿಗೆ ಹಾಗೆಯೇ ನಕಲಾಗುತ್ತ ಹೋಗಿದ್ದು, ನೂರು ಪ್ರತಿಗಳಿದ್ದರೂ ಸಾಕ್ಷಿ ಒಬ್ಬನೇ.

ನರಸನಾಯಕನ ಮಗನಾದ ಕೃಷ್ಣದೇವರಾಯನು 1509ರಲ್ಲಿ ಪಟ್ಟಕ್ಕೆ ಬಂದ ಸ್ವಲ್ಪ ಕಾಲದಲ್ಲೇ, ಸುಮಾರು 1510ರಿಂದ 1512ರವರೆಗೆ, ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು, ಅವನ ಬಲದ ನೆಲೆಯಾಗಿದ್ದ ಶಿವನಸಮುದ್ರವನ್ನು ಮುತ್ತಿ ಗೆದ್ದನು. ಸೋತ ಗಂಗರಾಜನು ಕಾವೇರಿಯಲ್ಲಿ ಮುಳುಗಿ ಸತ್ತನೆಂದು ಹೇಳಿಕೆಯಿದೆ. ಇದೇ ಕೃಷ್ಣದೇವರಾಯನ ಯುದ್ಧಗಳನ್ನು ವರ್ಣಿಸಿರುವ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜನು, ಐವತ್ತು ವರ್ಷ ತಿರುಗಿಬಿದ್ದಿದ್ದ ‘ಕಟುಯಿರ್’ ಎಂಬ ಸೀಮೆಯ ಒಡೆಯನ ಪಟ್ಟಣವನ್ನು ರಾಯನು ಮುತ್ತಿದಾಗ ಸುತ್ತಲಿನ ಹೊಳೆ ಉಕ್ಕಿ ಹರಿಯುತ್ತಿದ್ದುದರಿಂದ, ಹೊಸ ಕಾಲುವೆಗಳನ್ನು ತೋಡಿಸಿ ನೀರನ್ನು ಬೇರೆ ಕಡೆಗೆ ಹರಿಯಿಸಿ ಕೋಟೆಯನ್ನು ಹಿಡಿದನೆಂದು ಬರೆದಿದ್ದಾನೆ. ಸುತ್ತಲೂ ನೀರಿರುವ ಪಟ್ಟಣವೆಂಬ ಮಾತು ಎರಡು ಕವಲಾಗಿ ಹರಿಯುವ ಕಾವೇರಿಯ ನಡುವಿನ ಶಿವನಸಮುದ್ರಕ್ಕೆ ಚೆನ್ನಾಗಿ ಹೊಂದುವುದರಿಂದ ಕೆಲವು ವಿದ್ವಾಂಸರು ಎರಡನ್ನೂ ಒಂದೆಂದು ತಿಳಿದರು. ಆದರೆ ನೂನಿಜನು ಆ ಸೀಮೆಯನ್ನು ಚೋಳಮಂಡಲದ ಕಡೆಗೆ ಇಡುತ್ತಾನೆ. ಒರಿಸ್ಸದ ಗಜಪತಿಯೊಡನೆ ನಡೆದ ಯುದ್ಧ ಮುಗಿದ ಮೇಲೆ ಈ ಮುತ್ತಿಗೆ ನಡೆಯಿತೆಂದೂ ಹೇಳುತ್ತಾನೆ. ಉಮ್ಮತ್ತೂರಿನ ದಂಡಯಾತ್ರೆಯಾದರೋ ಗಜಪತಿಯ ಯುದ್ಧಕ್ಕಿಂತ ಮೊದಲಿನದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ತಂದೆ ಕಾವೇರಿಗೆ ಕಟ್ಟೆ ಹಾಕಿ ಶತ್ರುವಿನ ದ್ವೀಪದ ಕೋಟೆಯನ್ನು ಹಿಡಿದನೆಂದು ಶಾಸನ ಹೇಳುತ್ತಿರುವಾಗ, ಮಗ ಹೊಳೆಯನ್ನು ತಿರುಗಿಸಿ ನೀರಿನ ನಡುವಿನ ಪಟ್ಟಣವನ್ನು ಹಿಡಿದನೆಂದು ಪರದೇಶದ ಬರಹಗಾರ ಹೇಳುತ್ತಿದ್ದಾನೆ. ನೂನಿಜನು ತನ್ನ ಬರಹವನ್ನು ಸಿದ್ಧಪಡಿಸಿದ್ದು 1535ರ ಸುಮಾರಿಗೆ, ಎಂದರೆ ಗಂಗರಾಜನ ಸೋಲಿನ ಎರಡು ದಶಕಗಳ ಅನಂತರ. ಹಳೆಯ ಸಂಗತಿಗಳಿಗೆ ಅವನು ರಾಜಧಾನಿಯ ಬಾಯಿಮಾತನ್ನೇ ನೆಚ್ಚಿಕೊಳ್ಳಬೇಕಾಗಿತ್ತು. ಹೊಳೆಯನ್ನು ಮಣಿಸಿದ ಅರಸನ ಕಥೆ ರಾಜಧಾನಿಯಲ್ಲಿ ಜನಪ್ರಿಯವಾಗಿದ್ದು, ಅದು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ, ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಜಾರಿರಬಹುದೆಂಬ ಅನುಮಾನವನ್ನು ಹಗುರವಾಗಿ ಬಿಡುವಂತಿಲ್ಲ. ಪರದೇಶದವನು ಪಕ್ಷಪಾತವಿಲ್ಲದ ಸಾಕ್ಷಿಯೆಂಬ ಭಾವನೆ ಕನ್ನಡದ ಚರಿತ್ರೆಯ ಪುಸ್ತಕಗಳಲ್ಲಿ ಬಹುಕಾಲದಿಂದ ಬೇರೂರಿದೆ. ರಾಬರ್ಟ್ ಸಿವೆಲ್ 1900ರಲ್ಲಿ ನೂನಿಜನ ಬರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಅದಕ್ಕೆ ಸಂದ ಗೌರವ, ಅದೇ ಬಗೆಯ ಬಾಯಿಮಾತನ್ನು ಆಧರಿಸಿದ ನಮ್ಮ ಕೈಫಿಯತ್ತುಗಳಿಗೆ, ಎಂದರೆ ಊರೂರಿನ ಕಥನಗಳ ದಾಖಲೆಗಳಿಗೆ, ಸಿಗಲಿಲ್ಲವೆಂಬುದು ವಿಚಾರ ಮಾಡಬೇಕಾದ ವಿಷಯವೇ.

ರಾಯಭಾರದ ವರದಿಯೆಂದು ತನ್ನನ್ನು ಕರೆದುಕೊಳ್ಳುವ ಬರಹವೂ ನಿಜವಾಗಿ ವರದಿಯೇ ಆಗಿರಬೇಕೆಂಬ ನಿಯಮವಿಲ್ಲ. ‘ರಾಯವಾಚಕಮು’ ಎಂಬ ತೆಲುಗು ಗದ್ಯಕೃತಿ, ಕೃಷ್ಣದೇವರಾಯನ ಆಸ್ಥಾನದಲ್ಲಿದ್ದ ಸ್ಥಾನಾಪತಿಯೊಬ್ಬನು, ಎಂದರೆ ಅಲ್ಲಿ ನೆಲೆಸಿದ್ದ ರಾಯಭಾರಿಯು, ತನ್ನ ಒಡೆಯನಾದ ನಾಯಕನಿಗೆ ಕಳುಹಿಸಿದ ಬಿನ್ನಹದ ರೂಪದಲ್ಲಿದೆ. ಮಂತ್ರಿಗಳ ಮಾತು, ಬೇಹಿನವರು ತಂದ ಸುದ್ದಿ, ಸುಲ್ತಾನರ ಆಸ್ಥಾನಗಳಲ್ಲಿ ನಡೆದ ಸಂಭಾಷಣೆ ಎಲ್ಲವೂ ಅದರಲ್ಲಿ ಕಿವಿಯಾರೆ ಕೇಳಿದಂತೆ ಬರುತ್ತವೆ. ಅದನ್ನು ಸಮಕಾಲೀನ ದಾಖಲೆಯೆಂದೇ ಬಳಸಿಕೊಂಡ ಇತಿಹಾಸಕಾರರಿದ್ದರು. 1993ರಲ್ಲಿ ಫಿಲಿಪ್ ವಾಗನರ್ ಅದನ್ನು ಅನುವಾದಿಸಿ ಅಧ್ಯಯನ ಮಾಡಿ, ಅದು ವಿಜಯನಗರ ನಾಶವಾದ ಮೇಲೆ, ಸುಮಾರು 1600ರ ಹೊತ್ತಿಗೆ, ಮಧುರೆಯ ನಾಯಕರ ಆಸ್ಥಾನದಲ್ಲಿ ಹುಟ್ಟಿದ ಕೃತಿಯೆಂದು ವಾದಿಸಿದರು. ಇದರಿಂದ ಕೃತಿಯ ಬೆಲೆ ಕುಗ್ಗಿತೆನ್ನುವುದಕ್ಕಿಂತ, ಅದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲುದು ಎಂಬುದು ಬದಲಾಯಿತೆನ್ನುವುದು ಸರಿ: ಕೃಷ್ಣದೇವರಾಯನು ಏನು ಮಾಡಿದನೆಂಬುದಕ್ಕೆ ಅದು ಈಗ ದುರ್ಬಲ ಸಾಕ್ಷಿ, ಮಧುರೆಯ ನಾಯಕರು ತಮ್ಮ ಅಧಿಕಾರದ ಮೂಲವನ್ನು ಎಲ್ಲಿ ಹುಡುಕಿಕೊಂಡರೆಂಬುದಕ್ಕೆ ಒಳ್ಳೆಯ ಸಾಕ್ಷಿ.

ಹಾಗಾದರೆ ಗಂಗರಾಜನ ಸೋಲನ್ನು ಹೆಚ್ಚು ಭರವಸೆಯಿಂದ ಹೇಳುವ ಆಧಾರ ಯಾವುದು ಎಂದರೆ, ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಕಡೆಗೆ ನೋಡಬೇಕಾಗುತ್ತದೆ. ಉಮ್ಮತ್ತೂರಿನವರ ಅಧಿಕಾರದಲ್ಲಿದ್ದ ತೆರಕಣಾಂಬಿ ಸೀಮೆಯು ಅನಂತರದ ಶಾಸನಗಳಲ್ಲಿ, ಮಹಾಪ್ರಧಾನ ಸಾಳುವ ತಿಮ್ಮರಸನ ತಮ್ಮನಾದ ಸಾಳುವ ಗೋವಿಂದರಾಜನ ಆಡಳಿತದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಶಾಸನಗಳು ಯುದ್ಧವನ್ನು ವರ್ಣಿಸುವುದಕ್ಕಾಗಿ ಬರೆದವಲ್ಲ. ದೇವರಿಗೂ ಬ್ರಾಹ್ಮಣರಿಗೂ ಬಿಟ್ಟ ದತ್ತಿಯನ್ನು ನಮೂದಿಸುವುದೇ ಅವುಗಳ ಕೆಲಸ. ಯುದ್ಧದ ಫಲವನ್ನು ಅವು ಹೇಳಲು ಹೊರಡದೆಯೇ ಹೇಳುತ್ತವೆ, ಏಕೆಂದರೆ ರಾಜಧಾನಿಯ ಪ್ರಧಾನಿಯ ಮನೆಯವನೇ ಬಂದು ಸೀಮೆಯನ್ನು ನೋಡಿಕೊಳ್ಳುವಂತಾಯಿತೆಂದರೆ ಹಳೆಯ ಒಡೆಯರ ಸ್ವತಂತ್ರ ವ್ಯವಹಾರ ಮುಗಿಯಿತೆಂದೇ ತಿಳಿಯಬೇಕು.

ಕಲ್ಲು ಮತ್ತು ತಾಮ್ರದ ಮೇಲಿನ ಅಕ್ಷರ ಹೀಗೆ ಯಾರನ್ನೋ ಉದ್ದೇಶಿಸಿ ಮಾತನಾಡುತ್ತದೆಯಾದರೆ, ನೆಲದಿಂದ ಹೊರಬಂದ ಅಕ್ಷರವಿಲ್ಲದ ವಸ್ತುವಿಗೆ ಉದ್ದೇಶದ ಹಂಗಿಲ್ಲವೆಂದು ತೋರುವುದು ಸಹಜ. ತಿರುಮಕೂಡಲು ನರಸೀಪುರದಲ್ಲಿ, ಕಪಿಲೆ ಕಾವೇರಿಯನ್ನು ಸೇರುವ ಸಂಗಮದ ಬಳಿ, ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಉತ್ಖನನ ನಡೆಸಿದ ನವಶಿಲಾಯುಗದ ನೆಲೆಯಲ್ಲಿ ಮಣ್ಣಿನ ತಲೆಗಿಂಬುಗಳು, ಎಂದರೆ ಮಲಗುವಾಗ ಕುತ್ತಿಗೆಗೆ ಆಸರೆಯಾಗುವ ಸುಟ್ಟ ಮಣ್ಣಿನ ಆಸನಗಳು, ದೊರೆತಿವೆ. ಲೋಹ ಬಳಕೆಗೆ ಬರುವ ಮೊದಲು ಅಥವಾ ಆಗತಾನೇ ಬರುತ್ತಿದ್ದಾಗ, ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತ ಬೇಸಾಯ ಮತ್ತು ದನಸಾಕಣೆ ನಡೆಸಿದ ಕಾಲಕ್ಕೆ ನವಶಿಲಾಯುಗವೆನ್ನುತ್ತಾರೆ. ಈ ತಲೆಗಿಂಬುಗಳ ಆಕಾರ ಪ್ರಾಚೀನ ಈಜಿಪ್ಟಿನ ತಲೆಗಿಂಬುಗಳನ್ನು ನೆನಪಿಗೆ ತರುವುದರಿಂದ, ಕಾವೇರಿಯ ದಡಕ್ಕೂ ನೈಲ್ ನದಿಯ ದಡಕ್ಕೂ ಸಂಪರ್ಕವಿತ್ತೇ ಎಂಬ ಪ್ರಶ್ನೆ ಎದ್ದಿತು. ಆಕಾರದ ಹೋಲಿಕೆ ಒಂದರಿಂದಲೇ ಸಂಪರ್ಕ ಸಿದ್ಧವಾಗುವುದಿಲ್ಲ. ಕುತ್ತಿಗೆ ಎಲ್ಲ ಮನುಷ್ಯರಿಗೂ ಒಂದೇ ಆಕಾರದಲ್ಲಿರುವುದರಿಂದ ಅದರ ಆಸರೆಯೂ ಎರಡು ಕಡೆ ಒಂದೇ ರೀತಿ ರೂಪುಗೊಂಡಿರಲು ಸಾಧ್ಯ. ಸಂಪರ್ಕವನ್ನು ಸಾಧಿಸಬೇಕಾದರೆ ಎರಡೂ ಕಡೆಯ ವಸ್ತುಗಳ ಕಾಲ ಹೊಂದಬೇಕು, ನಡುವಿನ ದಾರಿಯಲ್ಲಿ ಅಂಥವೇ ವಸ್ತುಗಳು ಸಿಗಬೇಕು, ಒಂದೇ ವಸ್ತುವಲ್ಲದೆ ಜೊತೆಗೆ ಬೇರೆ ಕುರುಹುಗಳೂ ಇರಬೇಕು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ರೋಮನ್ ಬೆಳ್ಳಿನಾಣ್ಯಗಳ ವಿಷಯದಲ್ಲಿ ಸಂಪರ್ಕದ ಬಗ್ಗೆ ಸಂಶಯವಿಲ್ಲ, ನಾಣ್ಯದ ಮೇಲೆ ಚಕ್ರವರ್ತಿಯ ಮುದ್ರೆಯೇ ಇದೆ. ಆದರೂ ರೋಮನ್ ವರ್ತಕನೇ ಚಂದ್ರವಳ್ಳಿಗೆ ಬಂದನೆಂದು ಅದು ಹೇಳುವುದಿಲ್ಲ, ನಾಣ್ಯ ಹತ್ತು ಕೈ ದಾಟಿ ಬಂದಿರಬಹುದು.

ವಸ್ತು ಮುಗ್ಧವೆನಿಸಿದರೂ ಅದನ್ನು ಆಯ್ದವರು, ದಾಖಲಿಸಿದವರು ಮುಗ್ಧರಲ್ಲ. ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆಗಳ ಶಾಸನಗಳು ಸೇರಿದವು, ಕೊಳ್ಳೇಗಾಲ ಮಾತ್ರ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಹೊರಗುಳಿಯಿತು. ಉಮ್ಮತ್ತೂರಿನವರ ರಾಜ್ಯದ ಮುಖ್ಯ ಕೋಟೆಯಾದ ಶಿವನಸಮುದ್ರದ ದ್ವೀಪ ಕೊಳ್ಳೇಗಾಲದ ಕಡೆಗೇ ಇದ್ದುದರಿಂದ, ಹದಿನಾರನೆಯ ಶತಮಾನದ ಒಂದೇ ರಾಜ್ಯವನ್ನು ಹತ್ತೊಂಬತ್ತನೆಯ ಶತಮಾನದ ಆಡಳಿತದ ಗೆರೆ ಎರಡು ಪಾಲು ಮಾಡಿತು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರುವವರೆಗೂ ಈ ಗೆರೆ ಉಳಿಯಿತು. ಚಾಮರಾಜನಗರ ಸೀಮೆಯ ಮಲೆಯೂರಿನ ಕನಕಗಿರಿಗೆ 1804ರಲ್ಲಿ ಹಳೆಯ ದಾಖಲೆಗಳ ಸಂಗ್ರಹಕಾರ ಕಾಲಿನ್ ಮೆಕೆಂಜಿ ಬಂದಾಗ ಅವನನ್ನು ಕಂಡ ಜೈನ ಪಂಡಿತ ದೇವಚಂದ್ರನು ಮುಂದೆ ‘ರಾಜಾವಳಿ ಕಥೆ’ಯನ್ನು ಬರೆದದ್ದನ್ನು ನೆನೆದರೆ, ಸಂಗ್ರಹಕಾರನ ಕುತೂಹಲವೇ ಆಧಾರವೊಂದು ಹುಟ್ಟುವುದಕ್ಕೆ ಪ್ರೇರಣೆಯಾಗುವುದೂ ಉಂಟೆಂದು ತಿಳಿಯುತ್ತದೆ.

ರಾಜ್ಯದ ಬಹಿರಂಗ ಮಾತು ಮತ್ತು ವಸ್ತು ಎರಡೂ ಸೇರಿ ಯುದ್ಧಕ್ಕೆ ಪ್ರಮಾಣವಾದ ಉದಾಹರಣೆ ಶ್ರೀರಂಗಪಟ್ಟಣದ್ದು. ಟಿಪ್ಪು ಸುಲ್ತಾನನ ದೂತರು ಮಾರಿಷಸ್ ದ್ವೀಪಕ್ಕೆ ಹೋಗಿ ಫ್ರೆಂಚರ ನೆರವನ್ನು ಕೋರಿದಾಗ, ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು ಒಂದು ಬಹಿರಂಗ ಘೋಷಣೆಯನ್ನು ಹೊರಡಿಸಿ, ಇಂಗ್ಲಿಷರನ್ನು ಭಾರತದಿಂದ ಹೊರಗಟ್ಟಲು ಸುಲ್ತಾನನು ಫ್ರೆಂಚರಿಗಾಗಿ ಕಾಯುತ್ತಿದ್ದಾನೆಂದು ಸಾರಿ ಸ್ವಯಂಸೇವಕರನ್ನು ಕರೆದನು. ಗುಟ್ಟಾಗಿ ನಡೆಯಬೇಕಾಗಿದ್ದ ಮಾತುಕತೆ ಹೀಗೆ ಊರಿಗೆಲ್ಲ ತಿಳಿದ ಮೇಲೆ ಬಂದ ಫಲವೆಂದರೆ, ಮಂಗಳೂರಿಗೆ ಬಂದಿಳಿದ ನೂರರ ಆಸುಪಾಸಿನ ಜನ. ಸೈನ್ಯದ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಕಲಕತ್ತೆಗೆ ಆಗತಾನೇ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬಂದಿಳಿದವರ ಸಂಖ್ಯೆಗಿಂತ ಘೋಷಣೆಯ ಮಾತೇ ಬೇಕಾಗಿತ್ತು; ಅದನ್ನು ಶತ್ರುತ್ವದ ಸಾಕ್ಷ್ಯವೆಂದು ಮುಂದಿಟ್ಟುಕೊಂಡು ಅವನು ಯುದ್ಧವನ್ನು ಸಮರ್ಥಿಸಿಕೊಂಡನು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿದ ಕಾಗದಗಳನ್ನೂ ಇಂಗ್ಲಿಷರು ಇದೇ ಉದ್ದೇಶದಿಂದ ಆರಿಸಿ ಅಚ್ಚು ಹಾಕಿಸಿದರು. ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ಕ್ರಾಂತಿಕಾರಿ ಜಾಕೊಬಿನ್ ಸಂಘವನ್ನು ಕಟ್ಟಿಕೊಂಡಿದ್ದರೆಂದು ಹೇಳುವ, ಅವುಗಳಲ್ಲಿ ಸೇರಿದ್ದ ಕಾಗದಪತ್ರಗಳ ನೈಜತೆಯನ್ನೇ ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಅದೇ ಲೂಟಿಯಲ್ಲಿ ದೊರೆತ, ಯೂರೋಪಿಯನ್ ಸೈನಿಕನ ಮೇಲೆ ಎರಗಿದ ಮರದ ಯಂತ್ರಹುಲಿಯನ್ನು 1808ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಹುಲಿ ಟಿಪ್ಪುವಿನ ಲಾಂಛನವಾಗಿದ್ದುದರಿಂದ ಆ ಆಟಿಕೆ ಅವನ ಮನೋಭಾವವನ್ನು ಸೂಚಿಸುತ್ತದೆಂಬುದು ನಿಜ. ಲಂಡನ್ನಿನ ಪ್ರದರ್ಶನದಲ್ಲಿ ಅದು ಸೂಚಿಸಿದ್ದು ಗೆದ್ದವರ ಮನೋಭಾವವನ್ನು. ಒಂದೇ ವಸ್ತು ಇರುವ ಜಾಗ ಬದಲಾದಂತೆ ಬೇರೆ ಬೇರೆಯವರ ಪರವಾಗಿ ಸಾಕ್ಷಿ ನುಡಿಯಿತು.

ಇಪ್ಪತ್ತನೆಯ ಶತಮಾನದಿಂದ ಈಚೆಗೆ ರಾಜ್ಯಗಳ ಮಾತನ್ನು ಅಕ್ಷರಶಃ ದಾಖಲಿಸುವ ವ್ಯವಸ್ಥೆ ಬಂದಿದ್ದರೂ ಓದುವ ಕಷ್ಟ ಕಡಿಮೆಯಾಗಿಲ್ಲ. 2011ರ ಫೆಬ್ರವರಿ 11ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಕರ್ನಾಟಕದ ಮಾಜಿ ಮುಖ್ಯಮಂತ್ರಿಗಳೂ ಆಗಿನ ವಿದೇಶಾಂಗ ಸಚಿವರೂ ಆಗಿದ್ದ ಎಸ್. ಎಂ. ಕೃಷ್ಣ ಅವರು ಮೇಜಿನ ಮೇಲಿದ್ದ ಪೋರ್ಚುಗಲ್ ವಿದೇಶಾಂಗ ಸಚಿವರ ಭಾಷಣವನ್ನು ತಪ್ಪಾಗಿ ಕೈಗೆತ್ತಿಕೊಂಡು ಕೆಲವು ನಿಮಿಷ ಓದಿದರು; ಪೋರ್ಚುಗೀಸ್ ಭಾಷೆಯ ದೇಶಗಳ ಪ್ರಸ್ತಾಪ ಬಂದ ಮೇಲೆ ತಪ್ಪು ಗೊತ್ತಾಗಿ ಸರಿಯಾದ ಪ್ರತಿಗೆ ತಿರುಗಿದರು. ಪತ್ರಿಕೆಗಳು ಇದನ್ನು ನಗೆಯ ವಿಷಯವಾಗಿಸಿದವು. ಇತಿಹಾಸಕಾರನಿಗಾದರೋ ಇದರಲ್ಲಿ ಬೇರೆ ಪಾಠವಿದೆ: ಶಾಂತಿ, ಅಭಿವೃದ್ಧಿ, ಸಹಕಾರಗಳನ್ನು ಕುರಿತ ಆರಂಭದ ವಾಕ್ಯಗಳು ಯಾವ ದೇಶದ ಬಾಯಿಗಾದರೂ ಹೊಂದುವಂತಿದ್ದವು, ತುಳುವ ಅರಸರ ದಾನಪತ್ರದ ಪದ್ಯದಂತೆ ಅವು ಸಿದ್ಧರೂಪದ ಮಾತುಗಳಾಗಿದ್ದು, ಒಂದು ರಾಜ್ಯದ ನೀತಿ ಅವು ಮುಗಿದ ಮೇಲಷ್ಟೇ ಆರಂಭವಾಗುತ್ತದೆ.

ಭಾಷಣಕ್ಕಿಂತ ಮೌನವೇ ಹೆಚ್ಚು ತಿಳಿಸುವ ಸಂದರ್ಭವೂ ಇದೆ. ಮಂಗಳೂರಿನ ಬೆನಗಲ್ ನರಸಿಂಗ ರಾಯರು, ಸಂವಿಧಾನ ರಚನಾಸಭೆಗೆ ಸಲಹೆಗಾರರಾಗಿದ್ದವರು, 1950ರ ಜೂನ್ ತಿಂಗಳಲ್ಲಿ ಭಾರತದ ಪ್ರತಿನಿಧಿಯಾಗಿ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದಾಗಲೇ ಕೊರಿಯಾದ ಯುದ್ಧ ಆರಂಭವಾಯಿತು. ಉತ್ತರ ಕೊರಿಯಾ ದಾಳಿಯನ್ನು ನಿಲ್ಲಿಸಿ ಹಿಂದೆ ಸರಿಯಬೇಕೆಂಬ ಜೂನ್ 25ರ ನಿರ್ಣಯಕ್ಕೆ ಅವರು ಮತ ಕೊಟ್ಟರು; ದಕ್ಷಿಣ ಕೊರಿಯಾಕ್ಕೆ ನೆರವು ನೀಡಬೇಕೆಂಬ 27ರ ನಿರ್ಣಯದ ವೇಳೆಗೆ ದೆಹಲಿಯಿಂದ ಸೂಚನೆ ಬಂದಿರದ ಕಾರಣ ಈಜಿಪ್ಟಿನ ಪ್ರತಿನಿಧಿಯಂತೆ ಅವರೂ ಮತದಾನದಲ್ಲಿ ಭಾಗವಹಿಸಲಿಲ್ಲ. ಮಂಡಳಿಯ ನಡಾವಳಿಯನ್ನು ಮಾತ್ರ ಓದಿದವರಿಗೆ ಇದು ಭಾರತದ ನಿಲುವಾಗಿ ಕಾಣಬಹುದಾದರೂ, ಅದು ಇನ್ನೂ ರೂಪುಗೊಳ್ಳದ ನಿಲುವಿನ ಗುರುತಾಗಿತ್ತು. 29ರಂದು ಭಾರತ ಸರ್ಕಾರವು ಎರಡನೆಯ ನಿರ್ಣಯವನ್ನೂ ಒಪ್ಪಿದ್ದಾಗಿ ಹೇಳಿಕೆ ಹೊರಡಿಸಿತು, ಅದರಲ್ಲೇ ಇದರಿಂದ ತನ್ನ ವಿದೇಶಾಂಗ ನೀತಿಯಲ್ಲಿ ಯಾವ ಬದಲಾವಣೆಯೂ ಆಗಿಲ್ಲವೆಂಬ ಮಾತನ್ನೂ ಸೇರಿಸಿತು. ಬದಲಾವಣೆ ಆಗಿಲ್ಲವೆಂದು ಬರೆಯಬೇಕಾಗಿ ಬಂದದ್ದೇ, ಆಗಿದೆಯೆಂದು ಕೇಳುವವರು ಸುತ್ತಲೂ ಇದ್ದರೆಂಬುದಕ್ಕೆ ಸಾಕ್ಷ್ಯ. ಆ ಹೇಳಿಕೆಯ ತೂಕ ಎಷ್ಟೆಂದು ತಿಳಿಯಬೇಕಾದವರು, ಅದೇ ವರ್ಷದ ಕೊನೆಯಲ್ಲಿ ಭಾರತವು ಕೊರಿಯಾಕ್ಕೆ ಕಾದಾಡುವ ದಳವನ್ನು ಕಳುಹಿಸದೆ ಅರವತ್ತನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ದಳವನ್ನು ಕಳುಹಿಸಿತೆಂಬುದನ್ನು ಅದರ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.